ಜೇಬಿನಲ್ಲಿ ಚೀಟಿ, ಕೈಯಲ್ಲಿ ಸ್ಟಿಯರಿಂಗ್

ಸಾಗರದಿಂದ ಬೆಳಿಗ್ಗೆ ಆರು ಇಪ್ಪತ್ತಕ್ಕೆ ಹೊರಡುವ ಆ ಖಾಸಗಿ ಬಸ್ಸು ಏಳು ಐವತ್ತಕ್ಕೆ ಹೊಸನಗರ ಸೇರುತ್ತದೆ. ಎಂಟು ಐದಕ್ಕೆ ಅಲ್ಲಿಂದ ತೀರ್ಥಹಳ್ಳಿಗೆ ಹೊರಡುತ್ತದೆ. ನಡುವೆ ಸಿಗುವ ಹದಿನೈದು ನಿಮಿಷದಲ್ಲಿ ಡ್ರೈವರ್ ರಾಜೇಂದ್ರ ನಾಲ್ಕು ಇಡ್ಲಿ ತಿಂದು, ಚಹಾ ಕುಡಿದು, ಮುಂದಿನ ಗಾಜು ಒರೆಸಿ ಸೀಟಿಗೆ ಹತ್ತುತ್ತಿದ್ದ. ಹನ್ನೊಂದು ವರ್ಷದಿಂದ ಈ ಕ್ರಮ ತಪ್ಪಿರಲಿಲ್ಲ. ಹದಿನೇಳನೇ ವಯಸ್ಸಿಗೆ ಬಸ್ಸು ತೊಳೆಯುವ ಕ್ಲೀನರ್ ಆಗಿ ಸೇರಿದವನು ಅವನು. ಮಾಲೀಕರು ಬದಲಾದರು, ಬಸ್ಸುಗಳು ಬದಲಾದವು, ಆದರೆ ಅವನು ಒಂದು ದಿನವೂ ಟೈಮ್ ತಪ್ಪಿಸಿದವನಲ್ಲ. ಬಟ್ಟೆಮಲ್ಲಪ್ಪದಲ್ಲಿ ಕೆಲವರು ಇವನ ಬಸ್ಸು ನೋಡಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರಂತೆ.

ಚೀಟಿ ಅವನ ಜೇಬು ಸೇರಿದ್ದು ಜೂನ್ ತಿಂಗಳಲ್ಲಿ. ಹೆವಿ ಲೈಸೆನ್ಸ್ ನವೀಕರಿಸಲು ಡಾಕ್ಟರ ಸಹಿ ಬೇಕು ಎಂದು ಸಾಗರದ ಡಾಕ್ಟರ್ ಶರಾವತಿಯವರ ಸಂಜೆ ಕ್ಲಿನಿಕ್ಕಿಗೆ ಹೋಗಿದ್ದ. ಅವರು ಕಣ್ಣು, ಕಿವಿ ನೋಡಿದರು. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು, ಐದು ನಿಮಿಷ ಕೂರಿಸಿ ಇನ್ನೊಮ್ಮೆ ನೋಡಿದರು. ನೂರ ಅರವತ್ತೆಂಟು, ಕೆಳಗೆ ನೂರ ನಾಲ್ಕು.

"ನಿಮ್ಮ ತಂದೆ ಇದ್ದಾರಾ?"

"ಇಲ್ಲ. ನಲವತ್ತೊಂಬತ್ತಕ್ಕೇ ಹೋದ್ರು."

"ಏನಾಗಿತ್ತು?"

"ಗ್ಯಾಸ್ಟ್ರಿಕ್ ಅಂತಿದ್ರು. ಗದ್ದೆಯಿಂದ ಬಂದು ಜಗಲಿ ಮೇಲೆ ಕೂತೋರು ಏಳ್ಲಿಲ್ಲ."

ಡಾಕ್ಟರ್ ಅದನ್ನು ಬರೆದುಕೊಂಡರು. ಸಹಿ ಹಾಕಿಕೊಟ್ಟರು. ಜೊತೆಗೆ ಬೇರೆ ಚೀಟಿಯಲ್ಲಿ ರಕ್ತದ ಕೊಬ್ಬು, ಸಕ್ಕರೆ, ಇಸಿಜಿ ಎಂದು ಬರೆದು, ಹದಿನೈದು ದಿನದೊಳಗೆ ಮಾಡಿಸಿಕೊಂಡು ಬನ್ನಿ ಎಂದರು. ರಾಜೇಂದ್ರ ಅದನ್ನು ಎರಡು ಮಡಿಕೆ ಮಾಡಿ ಅಂಗಿಯ ಎಡ ಜೇಬಿಗೆ ಹಾಕಿಕೊಂಡ. ಅಂಗಿ ಒಗೆಯಲು ಹಾಕುವಾಗಲೆಲ್ಲ ತೆಗೆದು ಮುಂದಿನ ಅಂಗಿಗೆ ಹಾಕುತ್ತಿದ್ದ. ಮಳೆಗಾಲ ಪೂರ್ತಿ ಅದು ಹಾಗೆ ಅಂಗಿಯಿಂದ ಅಂಗಿಗೆ ಹೋಯಿತು.

ಸೋಮಾರಿತನದಿಂದ ಸುಮ್ಮನಿದ್ದವನಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೊರರೋಗಿ ಚೀಟಿ ಮಾಡಿಸುವ ಹೊತ್ತು ಮಧ್ಯಾಹ್ನ ಒಂದಕ್ಕೆ ಮುಗಿಯುತ್ತಿತ್ತು, ಇವನ ಬಸ್ಸು ಸಾಗರಕ್ಕೆ ತಿರುಗಿ ಬರುತ್ತಿದ್ದುದು ಒಂದು ಇಪ್ಪತ್ತಕ್ಕೆ. ಇವನಿಗೆ ಭಾನುವಾರ ರಜೆ, ಹೊರರೋಗಿ ವಿಭಾಗಕ್ಕೂ ಭಾನುವಾರವೇ ರಜೆ. ವಾರದ ನಡುವೆ ರಜೆ ಕೇಳಿದರೆ ಆ ದಿನದ ದುಡ್ಡು ಇಲ್ಲ. ಅದಕ್ಕಿಂತ ಹೆಚ್ಚಾಗಿ, ಮಾಲೀಕ ಮಧುಸೂದನರು ಯಾಕೆ ಎಂದು ಕೇಳುತ್ತಾರೆ.

ಅದನ್ನು ನೆನೆದಾಗಲೆಲ್ಲ ರಾಜೇಂದ್ರನ ಕಣ್ಣ ಮುಂದೆ ಪೂರ್ಣೇಶ್ ಬರುತ್ತಿದ್ದ. ಪೂರ್ಣೇಶ್ ಇದೇ ಮಾಲೀಕರ ಇನ್ನೊಂದು ಬಸ್ಸಿನ ಡ್ರೈವರ್ ಆಗಿದ್ದವನು. ಎರಡು ವರ್ಷದ ಹಿಂದೆ ಎದೆನೋವು ಬಂದು ಸ್ಟೆಂಟ್ ಹಾಕಿದರು. ಬಿಪಿಎಲ್ ಕಾರ್ಡಿನಿಂದ ಆಸ್ಪತ್ರೆಯಲ್ಲಿ ಒಂದು ಪೈಸೆಯೂ ಖರ್ಚಾಗಲಿಲ್ಲ. ಗುಣವಾಗಿ ಬಂದ. ಆದರೆ ಮತ್ತೆ ಅವನ ಕೈಗೆ ಯಾರೂ ಸ್ಟಿಯರಿಂಗ್ ಕೊಡಲಿಲ್ಲ. ಈಗ ಹೊಸನಗರದ ಸ್ಟ್ಯಾಂಡಿನಲ್ಲಿ ನಿಂತು "ತೀರ್ಥಳ್ಳಿ, ತೀರ್ಥಳ್ಳಿ" ಎಂದು ಜನರನ್ನು ಕರೆಯುತ್ತಾನೆ, ಒಂದೊಂದು ಬಸ್ಸಿಗೆ ಇಷ್ಟೆಂದು ಸಿಗುತ್ತದೆ. ರಾಜೇಂದ್ರ ಪ್ರತಿದಿನ ಅವನ ಪಕ್ಕದಲ್ಲೇ ಗಾಡಿ ನಿಲ್ಲಿಸಬೇಕಿತ್ತು.

ಪ್ರತಿ ಗುರುವಾರ ವರದಮೂಲದ ಕಡೆಯ ಗಣೇಶಮೂರ್ತಿ ಹೆಗಡೆಯವರು ಹೊಸನಗರದ ಮಗಳ ಮನೆಗೆಂದು ಈ ಬಸ್ಸು ಹತ್ತುತ್ತಿದ್ದರು. ತೋಟದ ಮಾಲೀಕರು, ಮನೆಯಲ್ಲಿ ಜೀಪಿದೆ, ಆದರೆ ಓಡಿಸಲು ಬೇಸರ. ಡ್ರೈವರ್ ಹಿಂದಿನ ಸೀಟೇ ಆಗಬೇಕು, ಮಾತು ಬೇಕು. ಸೆಪ್ಟೆಂಬರಿನ ಒಂದು ಗುರುವಾರ ಫೋನಿನಲ್ಲಿ ಯಾರಿಗೋ "ಎಂತೂ ಇಲ್ಲೆ, ರಿಪೋರ್ಟ್ ಎಲ್ಲ ಸರಿ ಇದ್ದು" ಎಂದು ಹೇಳಿ ಇಟ್ಟವರೇ, ರಾಜೇಂದ್ರನ ಬೆನ್ನಿಗೆ ಹೇಳತೊಡಗಿದರು.

"ಪ್ಯಾಕೇಜ್ ಅಂತ ಮಾಡ್ತಾರೆ ಮಾರಾಯ. ರಕ್ತ, ಎಕೋ, ಆಮೇಲೆ ಒಂದು ಯಂತ್ರದ ಮೇಲೆ ನಡೆಸ್ತಾರೆ. ಮೂರು ನಿಮಿಷಕ್ಕೊಂದ್ಸಲ ಏರು ಜಾಸ್ತಿ, ವೇಗ ಜಾಸ್ತಿ. ನಾಲ್ಕು ವರ್ಷದ ಕೆಳಗೆ ಅಲ್ಲೇ ಗೊತ್ತಾಗಿದ್ದು ನಂಗೆ, ಸಣ್ಣದು ಶುರುವಾಗಿದೆ ಅಂತ. ಮಾತ್ರೆ ತಗೊಂಡೆ, ತುಪ್ಪ ಬಿಟ್ಟೆ, ಈಗ ನೋಡು, ಗುಂಡುಕಲ್ಲು! ನೀನು ಮಾಡ್ಸಿದ್ಯಾ?"

"ಇಲ್ಲ ಹೆಗ್ಡೇರೆ."

"ನಲವತ್ತು ದಾಟಿದ್ಮೇಲೆ ವರ್ಷಕ್ಕೊಂದ್ಸಲ ಮಾಡಿಸ್ಬೇಕು. ನಮ್ಮ ಜೀಪಿಗೆ ಸರ್ವಿಸ್ ಮಾಡ್ಸಲ್ವಾ?"

"ಜೀಪು ಸರ್ವಿಸಿಗೆ ಬಿಟ್ಟ ದಿನ ನೀವು ಬಸ್ಸಲ್ಲಿ ಬರ್ತೀರಿ. ಬಸ್ಸನ್ನೇ ಸರ್ವಿಸಿಗೆ ಬಿಟ್ರೆ ನಾನು ಎಂತದ್ರಲ್ಲಿ ಬರ್ಲಿ?"

ಮುಂದಿನ ಸೀಟಿನವರೆಲ್ಲ ನಕ್ಕರು. ಹೆಗಡೆಯವರೂ ನಕ್ಕರು. ಒಂದು ಪ್ಯಾಕೇಜಿಗೆ ಎಷ್ಟು ಕೊಟ್ಟಿರಿ ಎಂದು ರಾಜೇಂದ್ರ ಕೇಳಲಿಲ್ಲ. ಅವರು ತಾವಾಗಿಯೇ ಹೇಳಿದ ಮೊತ್ತ ಇವನ ಎಂಟು ದಿನದ ದುಡಿಮೆಯಾಗಿತ್ತು.

ಅಷ್ಟರಲ್ಲಿ ಇನ್ನೊಂದು ಶುರುವಾಗಿತ್ತು. ಬಸ್ಸು ತುಂಬಿ ನಿಂತವರೂ ಇದ್ದಾಗ, ಏರಿನ ತಿರುವಿನಲ್ಲಿ ಆ ಹಳೆಯ ಗಾಡಿಯ ಸ್ಟಿಯರಿಂಗ್ ಎಳೆದರೆ ಎದೆಯ ಮಧ್ಯದಿಂದ ದವಡೆಯವರೆಗೆ ಏನೋ ಬಿಗಿದ ಹಾಗೆ. ಸಮತಟ್ಟಿಗೆ ಬಂದರೆ ಬಿಟ್ಟುಹೋಗುತ್ತಿತ್ತು. ಗ್ಯಾಸ್ ಎಂದುಕೊಂಡ. ಹಾಗೆ ಅಂದುಕೊಂಡ ಕೂಡಲೇ ಆ ಪದವನ್ನು ಮನೆಯಲ್ಲಿ ಮೊದಲು ಆಡಿದವರು ಯಾರೆಂದು ನೆನಪಾಯಿತು.

ನವೆಂಬರಿನಲ್ಲಿ ಕೊನೆಗೂ ರಕ್ತ ಕೊಡುವುದೆಂದು ನಿರ್ಧರಿಸಿದ. ಹೊಸನಗರದ ಸ್ಟ್ಯಾಂಡಿನ ಎದುರೇ ಒಂದು ಲ್ಯಾಬಿನ ಸಣ್ಣ ಕೋಣೆ ಇತ್ತು. ಅಲ್ಲಿ ವಿನಯಾ ಎಂಬ ಹುಡುಗಿ ಬೆಳಿಗ್ಗೆ ಜನರ ರಕ್ತ ತೆಗೆದು ಕೊಳವೆಗಳಿಗೆ ತುಂಬಿ, ಹೆಸರು ಅಂಟಿಸಿ, ಮಂಜಿನ ಚೀಲದೊಂದಿಗೆ ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ಇದೇ ಬಸ್ಸಿಗೆ ಕೊಡುತ್ತಿದ್ದಳು. ತೀರ್ಥಹಳ್ಳಿಯಲ್ಲಿ ಲ್ಯಾಬಿನವರು ಇಳಿಸಿಕೊಳ್ಳುತ್ತಿದ್ದರು. ಹಿಂದೊಮ್ಮೆ ಒಂದು ಕೊಳವೆ ಕಾಣೆಯಾಗಿ ಗಲಾಟೆಯಾದ ಮೇಲೆ ಕಂಡಕ್ಟರ್ ರವೀಶ್ ಡಬ್ಬಿ ಬಿಚ್ಚಿ, ಪಟ್ಟಿ ನೋಡಿ, ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿ ತಾಳೆ ನೋಡಿಯೇ ಇಟ್ಟುಕೊಳ್ಳುತ್ತಿದ್ದ. ಅದೊಂದು ದಿನನಿತ್ಯದ ತಮಾಷೆ.

"ರಾಜಣ್ಣ, ಇವತ್ತು ಟಿಕೆಟ್ ಇಲ್ದೆ ಹೋಗೋರು ಒಂಬತ್ತು ಜನ! ನೋಡಿ, ಸಕ್ಕರೆ ಟೆಸ್ಟಿಗೆ ಅಂಗಡಿ ಶೆಟ್ರು ಬಂದಾರೆ. ಗೋಣಿಗಟ್ಟಲೆ ಮಾರಿದ್ದು ಸಾಲ್ದು ಅಂತ ಮೈಯಲ್ಲೂ ಸ್ಟಾಕ್ ಇಟ್ಕೊಂಡಾರೆ."

ಇಷ್ಟು ವರ್ಷ ಊರವರ ರಕ್ತ ಹೊತ್ತು ಸಾಗಿಸಿದವನು ತನ್ನದನ್ನು ಅದೇ ಡಬ್ಬಿಯಲ್ಲಿ ಕಳಿಸಬೇಕಾಗಿತ್ತು. ರವೀಶ ಒಳ್ಳೆಯವನೇ. ಆದರೆ ಅವನು ಓದಿದ್ದು ಹಿಂದಿನ ಸೀಟಿನವರೆಗೂ ಕೇಳುತ್ತದೆ, ಹಿಂದಿನ ಸೀಟಿನವರು ಕೇಳಿದ್ದು ಸಂಜೆಯೊಳಗೆ ಮಾಲೀಕರ ಆಫೀಸು ಮುಟ್ಟುತ್ತದೆ.

ಆ ದಿನ ಬೆಳಿಗ್ಗೆ ಅವನು ಚಹಾ ಕುಡಿಯಲಿಲ್ಲ. ಏಳು ಐವತ್ತೆರಡಕ್ಕೆ ಇಡ್ಲಿ ಹೋಟೆಲಿನ ಕಡೆ ಹೋದಂತೆ ಮಾಡಿ ಲ್ಯಾಬಿನ ಹಿಂಬಾಗಿಲಿನಿಂದ ಒಳಗೆ ಹೋದ.

"ನಂದೇ ತೆಗಿ ತಂಗಿ. ಆದ್ರೆ ಹೆಸರು ಬೇರೆ ಬರಿ. ರವೀಶ ಓದ್ತಾನೆ."

ವಿನಯಾಳಿಗೆ ನಗು ಬಂತು. "ಹೆಸರು ತಪ್ಪಿದ್ರೆ ಆಮೇಲೆ ನಿಮಗೇ ಕಷ್ಟ ಡ್ರೈವರಣ್ಣ. ಯಾರದ್ದು ಬರೀಲಿ?"

ಬಾಯಿಗೆ ಬಂದದ್ದು ಒಂದೇ ಹೆಸರು. "ಸೀತಾರಾಮಪ್ಪ."

"ವಯಸ್ಸು?"

"ನಲವತ್ನಾಲ್ಕು."

ಎಂಟು ಗಂಟೆಗೆ ಅವನು ಸೀಟಿನಲ್ಲಿ ಕೂತಿದ್ದ. ಹಿಂದೆ ರವೀಶ ಓದುತ್ತಿದ್ದ. ನಾಲ್ಕು ಹೆಸರು, ಐದು ಹೆಸರು. "ಸೀತಾರಾಮಪ್ಪ, ನಲವತ್ನಾಲ್ಕು. ಯಾರಪ್ಪ ಇದು ಹೊಸಬ್ರು? ಹೆಸರು ಅಜ್ಜಂದು, ವಯಸ್ಸು ಮಾತ್ರ ಎಳೇದು!" ಯಾರೋ ಕಿಸಕ್ಕೆಂದರು. ಆ ಹೊತ್ತಿಗೆ ರಾಜೇಂದ್ರ ಎರಡನೇ ಗೇರಿಗೆ ಬದಲು ನಾಲ್ಕಕ್ಕೆ ಹಾಕಿ, ಬಸ್ಸು ಕೆಮ್ಮಿ ನಿಂತುಬಿಟ್ಟಿತು. ಹನ್ನೊಂದು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು. ಕೆಳಗೆ ನಿಂತಿದ್ದ ಪೂರ್ಣೇಶ್ ಅವನ ಮುಖವನ್ನೇ ನೋಡಿದ.

ರಿಪೋರ್ಟು ಸಂಜೆ ಫೋನಿಗೆ ಬಂತು. ಎರಡು ಕಡೆ ಅಂಕಿ ದಪ್ಪಗೆ ಕಾಣುತ್ತಿತ್ತು. ದಪ್ಪಗಿದ್ದರೆ ಒಳ್ಳೆಯದಲ್ಲ ಎಂಬಷ್ಟು ಅವನಿಗೆ ಗೊತ್ತಿತ್ತು. ಮೂರು ದಿನ ತಡೆದು, ಕೊನೆಯ ಟ್ರಿಪ್ಪು ಮುಗಿಸಿ ಶರಾವತಿಯವರ ಕ್ಲಿನಿಕ್ಕಿಗೆ ಹೋದ. ದಿನಕ್ಕೆ ಅರವತ್ತು ಜನರನ್ನು ನೋಡುವವರಿಗೆ ತನ್ನ ಮುಖ ನೆನಪಿರಲಾರದು ಎಂದು ಭಾವಿಸಿ ಫೋನ್ ಮುಂದಿಟ್ಟ.

"ಸಂಬಂಧಿಕರದ್ದು ಮೇಡಂ. ತೋರ್ಸು ಅಂತ ಕೊಟ್ಟಿದ್ರು."

ಅವರು ಓದಿದರು. "ಕೆಟ್ಟ ಕೊಬ್ಬು ನೂರ ತೊಂಬತ್ತೆರಡಿದೆ. ನೂರರ ಒಳಗಿರ್ಬೇಕು. ಇವರ ತಂದೆಗೆ ಹೃದಯದ ತೊಂದ್ರೆ ಇತ್ತಾ?"

"ಇತ್ತು ಅನ್ಸತ್ತೆ. ನಲವತ್ತೊಂಬತ್ತಕ್ಕೆ ಹೋದ್ರು."

"ಇವರಿಗೆ ಎದೆ ಬಿಗಿಯೋದು, ಆಯಾಸ?"

"ಏರಿನ ತಿರುವಲ್ಲಿ ಒಂಚೂರು. ಇಲ್ಲೀವರೆಗೆ ಬರತ್ತೆ." ಕೈ ತಾನಾಗಿ ದವಡೆಗೆ ಹೋಗಿತ್ತು.

ಡಾಕ್ಟರ್ ಬಿಪಿ ಪಟ್ಟಿ ಎಳೆದುಕೊಂಡರು. "ತೋಳು ಕೊಡಿ."

ಗಾಳಿ ತುಂಬುವ ಸದ್ದು ನಿಂತ ಮೇಲೆ ಕೇಳಿದರು: "ಸೀತಾರಾಮಪ್ಪ ಯಾರು?"

"ನಮ್ಮಪ್ಪ."

"ಹೋಗಿ ಎಷ್ಟು ವರ್ಷ ಆಯ್ತು?"

"ಹದಿನೇಳು."

ಅವರಿಗೆ ನಗು ಬಂದೇಬಿಟ್ಟಿತು, ಇವನಿಗೂ ಬಂತು. ಅಲ್ಲೇ ಮಲಗಿಸಿ ಇಸಿಜಿ ತೆಗೆದರು. ಅದರಲ್ಲಿ ಏನೂ ಇರಲಿಲ್ಲ.

"ಇದು ಮಲಗಿದ್ದಾಗಿನ ಹೃದಯದ ಕತೆ," ಎಂದರು. "ನಿಮಗೆ ಬಿಗಿಯೋದು ದುಡಿಯುವಾಗ. ಶಿವಮೊಗ್ಗಕ್ಕೆ ಹೋಗಿ ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡ್ಬೇಕು. ಈ ವಾರವೇ. ಅಲ್ಲೀವರೆಗೆ ಗಾಡಿ ಹತ್ಬೇಡಿ."

"ಬಿಪಿಎಲ್ ಕಾರ್ಡ್ ನಡೆಯತ್ತಾ ಮೇಡಂ?"

"ಅಟ್ಯಾಕ್ ಆಗಿ ಅಡ್ಮಿಟ್ ಆದ್ರೆ ನಡೆಯತ್ತೆ. ಆಗ್ದೆ ಇರೋ ಹಾಗೆ ನೋಡ್ಕೊಳ್ಳೋ ಈ ಪರೀಕ್ಷೆಗೆ ಸಾಮಾನ್ಯವಾಗಿ ನಾವೇ ಕೊಡ್ಬೇಕು." ಅವರು ಪೆನ್ನಿನ ಮುಚ್ಚಳ ಹಾಕಿದರು. "ಇದನ್ನ ಹೇಳೋವಾಗೆಲ್ಲ ನನಗೂ ಸರಿ ಅನ್ಸಲ್ಲ. ಆದ್ರೆ ಹೋಗಿ. ನಿಮ್ಮ ಬೆನ್ನ ಹಿಂದೆ ಐವತ್ತು ಜನ ಕೂತಿರ್ತಾರೆ."

ಬಿಪಿಗೆ ಒಂದು, ಕೊಬ್ಬಿಗೆ ಒಂದು, ಒಟ್ಟು ಎರಡು ಬಗೆಯ ಮಾತ್ರೆ, ಮೂವತ್ತು ಮೂವತ್ತು ಬರೆದರು.

ರಾಜೇಂದ್ರ ಆ ವಾರ ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ. ಮಗಳು ಲಿಖಿತಾಳ ಕಾಲೇಜಿನ ಫೀಸು ಆ ತಿಂಗಳೇ ಇತ್ತು. ಗಾಡಿಯನ್ನು ಮಾತ್ರ ದಿನವೂ ಹತ್ತಿದ. ಮೊದಲು ರಸ್ತೆ ನೋಡಿ ಓಡಿಸುತ್ತಿದ್ದವನು ಈಗ ಕನ್ನಡಿ ನೋಡಿ ಓಡಿಸತೊಡಗಿದ. ಕನ್ನಡಿಯಲ್ಲಿ ಶಾಲೆಯ ಮಕ್ಕಳು, ವರದಹಳ್ಳಿಯಿಂದ ತಿರುಗಿ ಬರುವ ಯಾತ್ರಿಕರು, ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡ ತಾಯಂದಿರು. ಏರು ಬಂದರೆ ಮುಂಚೆಯೇ ಗೇರು ಇಳಿಸುತ್ತಿದ್ದ. ತಿರುವು ಬಂದರೆ ಬಲಗಾಲನ್ನು ಬ್ರೇಕಿನ ಮೇಲೆ ಸಿದ್ಧವಾಗಿಟ್ಟು, ಬಿಗಿತ ಬಂದರೆ ಎಷ್ಟು ಸೆಕೆಂಡಿನಲ್ಲಿ ಎಡಕ್ಕೆ ಒತ್ತಿ ನಿಲ್ಲಿಸಬಹುದು ಎಂದು ಲೆಕ್ಕ ಹಾಕುತ್ತಿದ್ದ. ಕೆಲವು ತಿರುವಿನಲ್ಲಿ ಎಡಕ್ಕೆ ಜಾಗವೇ ಇರಲಿಲ್ಲ, ಬರೀ ಇಳಿಜಾರು. ಬಸ್ಸು ಮೂರು ನಾಲ್ಕು ನಿಮಿಷ ತಡವಾಗತೊಡಗಿತು. ಹಿಂದಿನಿಂದ ಬರುವ ಬಸ್ಸಿನವರು ಹಾರ್ನ್ ಹೊಡೆದು ರೇಗಿಸಿದರು. "ರಾಜಣ್ಣ, ಮದುವೆ ದಿಬ್ಬಣ ಕರ್ಕೊಂಡು ಹೊಂಟೀರಾ?" ಎಂದು ರವೀಶನೂ ಕೇಳಿದ.

ಹತ್ತೊಂಬತ್ತನೇ ದಿನ, ಭಾನುವಾರ, ಹೆಂಡತಿ ಹೇಮಾವತಿ ಅಂಗಿ ಒಗೆಯಲು ತೆಗೆದವಳು ಮಾತ್ರೆಯ ಹಾಳೆಗಳನ್ನೂ ಚೀಟಿಗಳನ್ನೂ ಹಿಡಿದು ಅಂಗಳಕ್ಕೆ ಬಂದಳು. ಗ್ಯಾಸಿನ ಮಾತ್ರೆ ಎಂದು ಅವನು ಹೇಳಿದ್ದನ್ನು ಅವಳು ನಂಬಿದ್ದಳು. ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವವಳು, ಡಬ್ಬ ಎಣಿಸಿ ಕೂಲಿ ಪಡೆಯುವವಳು. ಎಣಿಕೆ ಅವಳ ಕಣ್ಣು ತಪ್ಪುವುದಿಲ್ಲ.

"ಏನ್ರೀ, ಚೀಟಿ ಮೇಲೆ ಮೂವತ್ತು ಅಂತ ಬರ್ದಾರೆ. ತಾರೀಕು ನೋಡಿದ್ರೆ ಹತ್ತೊಂಬತ್ತು ದಿನ ಆಯ್ತು. ಹನ್ನೊಂದು ಉಳೀಬೇಕು. ಇದು ಇಪ್ಪತ್ತೂವರೆ ಹೆಂಗೆ ಉಳೀತು?"

"ದಿನಕ್ಕೆ ಅರ್ಧ ಅರ್ಧ ತಗೋತಿದೀನಿ. ಎರಡು ತಿಂಗಳು ಬರ್ತದೆ."

"ಅರ್ಧ ಮಾತ್ರೆ ತಿಂದ್ರೆ ಅರ್ಧ ಜೀವ ಉಳೀತದಾ?"

ಒಳಗೆ ತಾಯಿ ಕೆರಿಯಮ್ಮ ನುಚ್ಚು ಕೇರುವ ಸದ್ದು ನಿಂತಿತು. ಹೇಮಾವತಿ ಧ್ವನಿ ತಗ್ಗಿಸಿ ಎಲ್ಲವನ್ನೂ ಕೇಳಿದಳು, ಅವನು ಎಲ್ಲವನ್ನೂ ಹೇಳಿದ. ಅವಳು ಅಳಲಿಲ್ಲ. ಒಳಗೆ ಹೋಗಿ ಈ ಸಲದ ಅಡಿಕೆ ಸುಲಿಯುವ ಕೂಲಿಯಲ್ಲಿ ತೆಗೆದಿಟ್ಟ ದುಡ್ಡನ್ನು ತಂದು ಅವನ ಪಕ್ಕದಲ್ಲಿಟ್ಟಳು.

"ನಾಳೆ ಓನರಿಗೆ ಹೇಳಿ. ನೀವು ಹೇಳ್ದಿದ್ರೆ ನಾನು ಹೋಗಿ ಹೇಳ್ತೀನಿ."

"ಸೀಟು ಹೋಗತ್ತೆ ಹೇಮಾ."

"ಹೋಗ್ಲಿ. ನಿಮ್ಮ ಅಪ್ಪಯ್ಯನ ಸೀಟು ಆ ಜಗಲಿ. ಯಾರೂ ಕೂರದೆ ಹಂಗೇ ಬಿದ್ದದೆ."

ಮಧುಸೂದನರ ಆಫೀಸು ಸಾಗರದ ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಕೋಣೆ. ರಜೆ ಯಾಕೆ ಎಂದು ಅವರು ಕೇಳಿದರು. ಹಾರ್ಟ್ ಟೆಸ್ಟ್ ಎಂದು ಇವನು ಹೇಳಿದ. ಬಿಗಿತದ ವಿಷಯವನ್ನೂ ಹೇಳಿದ. ಅವರು ಎದ್ದು ಬಾಗಿಲು ಹಾಕಿಕೊಂಡು ಬಂದರು.

"ಎಷ್ಟು ದಿನದಿಂದ?"

"ಮಳೆಗಾಲದಿಂದ."

"ಹಾಗಿದ್ದೂ ಗಾಡಿ ಹೊಡೀತಿದ್ಯಾ?" ಬೈಯಲು ಬಾಯಿ ತೆರೆದವರು ಬೈಯಲಿಲ್ಲ. ಮೇಜಿನ ಖಾನೆ ಎಳೆದು ಮಾತ್ರೆಯ ಡಬ್ಬಿ ತೋರಿಸಿದರು. "ನನಗೆ ಎರಡು ಸ್ಟೆಂಟ್ ಇದೆ. ಗೊತ್ತಾ?"

"ಗೊತ್ತಿರ್ಲಿಲ್ಲ."

"ಯಾರಿಗೂ ಗೊತ್ತಿಲ್ಲ. ನನ್ನ ಕುರ್ಚಿ ಇಲ್ಲಿದೆ, ಇದರ ಹಿಂದೆ ಯಾರೂ ಕೂತಿರಲ್ಲ. ನಿಂದು ಹಾಗಲ್ಲ." ಖಾನೆ ಮುಚ್ಚಿದರು. "ನಿನ್ನ ಬದಲು ಆಕ್ಟಿಂಗ್ ಡ್ರೈವರಿಗೆ ಹೇಳ್ತೀನಿ. ಟೆಸ್ಟ್ ಮಾಡಿಸ್ಕೊಂಡು ಬಾ. ಏನೇ ಬರ್ಲಿ, ನಂಗೆ ಮಾತ್ರ ಸುಳ್ಳು ಹೇಳ್ಬೇಡ. ಸರಿ ಇದ್ರೆ ಗಾಡಿ ನಿಂದೇ."

ಸರಿ ಇದ್ದರೆ. ಶಿವಮೊಗ್ಗದ ಬಸ್ಸಿನಲ್ಲಿ ಹೇಮಾವತಿಯ ಪಕ್ಕ ಕೂತು ರಾಜೇಂದ್ರ ದಾರಿಯುದ್ದಕ್ಕೂ ಆ ಎರಡು ಪದಗಳನ್ನೇ ತಿರುವಿ ಹಾಕಿದ. ಯಂತ್ರದ ಮೇಲೆ ಎಷ್ಟು ಹೊತ್ತು ನಡೆಸಿದರೂ ನಡೆದುಬಿಡುತ್ತೇನೆ, ಬಾಯಿ ಬಿಡುವುದಿಲ್ಲ ಎಂದು ನಿಶ್ಚಯಿಸಿದ.

ಎದೆಯ ಮೇಲೆ ಹತ್ತು ಕಡೆ ತಂತಿ ಅಂಟಿಸಿದರು. ಎದುರು ಗೋಡೆಯಲ್ಲಿ ಗಡಿಯಾರವಿತ್ತು, ಪಕ್ಕದಲ್ಲಿ ಅವನ ಹೃದಯದ ಗೆರೆಗಳು ಪರದೆಯ ಮೇಲೆ ಓಡುತ್ತಿದ್ದವು. ಯಂತ್ರದ ಪಕ್ಕ ನಿಂತಿದ್ದ ಡಾಕ್ಟರ್ ಹೇಳಿದರು: "ನೋವು, ಬಿಗಿತ, ತಲೆಸುತ್ತು, ಏನು ಬಂದ್ರೂ ಕೂಡಲೇ ಹೇಳಿ. ಗೆರೆಯಲ್ಲಿ ಎಲ್ಲ ಸಲ ಕಾಣಲ್ಲ. ಅರ್ಧ ಪರೀಕ್ಷೆ ನಾವು ಮಾಡೋದು, ಅರ್ಧ ನೀವು ಹೇಳೋದು."

ಮೊದಲ ಮೂರು ನಿಮಿಷ ಏನೂ ಅಲ್ಲ. ಆರು ನಿಮಿಷಕ್ಕೆ ಉಸಿರು ದೊಡ್ಡದಾಯಿತು, ಏರು ಇನ್ನಷ್ಟಾಯಿತು. ಏಳು ದಾಟಿದ ಮೇಲೆ ಅದು ಬಂತು. ಎದೆಯ ಮಧ್ಯದಿಂದ, ನಿಧಾನವಾಗಿ, ಪರಿಚಯದವರ ಹಾಗೆ. ದವಡೆಗೆ ಏರಿತು.

"ಹೇಗಿದೆ?"

"ಆರಾಮಿದೆ."

ಹೇಳಿದ್ದು ಕಿವಿಗೆ ಬಿತ್ತು. ಅಪ್ಪನೂ ಆ ದಿನ ಮೂರು ಸಲ ಹಾಗೆಯೇ ಹೇಳಿದ್ದ, ಆರಾಮಿದೆ, ನೀರು ತಾ ಎಂದು. ರಾಜೇಂದ್ರ ಗಡಿಯಾರ ನೋಡಿದ. ಒಂಬತ್ತು ನಿಮಿಷ ಮುಟ್ಟಿದರೆ ಸಾಕು ಎಂದು ಹೊರಗೆ ಕೂತಿದ್ದ ಯಾರೋ ಹೇಳಿದ್ದರು. ಇನ್ನು ಒಂದೂವರೆ ನಿಮಿಷವೂ ಇಲ್ಲ. ಬಿಗಿತವನ್ನು ಹಲ್ಲು ಕಚ್ಚಿ ಹಿಡಿದರೆ ಗಾಡಿ ಅವನದೇ. ಮರುದಿನ ಬೆಳಿಗ್ಗೆ ಆರು ಇಪ್ಪತ್ತಕ್ಕೆ ಇದೇ ಬಿಗಿತದೊಂದಿಗೆ, ಐವತ್ತು ಜನರೊಂದಿಗೆ, ಎಡಕ್ಕೆ ಜಾಗವಿಲ್ಲದ ಆ ತಿರುವಿಗೆ ಹೋಗುತ್ತಾನೆ.

"ಇಲ್ಲ," ಎಂದ. "ಆರಾಮಿಲ್ಲ. ಬಿಗೀತಿದೆ. ನಿಲ್ಸಿ."

ಏಳು ನಿಮಿಷ ನಲವತ್ತು ಸೆಕೆಂಡ್. ಯಂತ್ರ ಇಳಿಯುತ್ತ ಬಂತು. ಅವನನ್ನು ಮಲಗಿಸಿ ನಾಲಿಗೆಯ ಕೆಳಗೆ ಒಂದು ಸಣ್ಣ ಮಾತ್ರೆ ಇಟ್ಟರು. ಡಾಕ್ಟರ್ ಗೆರೆಗಳನ್ನು ಬೆರಳಿನಿಂದ ಅಳೆದು ನೋಡಿ, ನೀವು ಹೇಳಿದ್ದು ಒಳ್ಳೆಯದಾಯಿತು ಎಂದರು. ಆಂಜಿಯೋಗ್ರಾಂ ಮಾಡಿ ನೋಡಬೇಕು, ಸೋಮವಾರ ಆಸ್ಪತ್ರೆಗೆ ಸೇರಬೇಕು, ಸೇರುವುದರಿಂದ ಅದಕ್ಕೆ ಕಾರ್ಡು ಬಳಸಬಹುದು ಎಂದರು.

ಹೊರಗಿನ ಬೆಂಚಿನಲ್ಲಿ ಕೂತು ಅವನು ಮಧುಸೂದನರಿಗೆ ಫೋನ್ ಮಾಡಿದ. ಬಂದದ್ದನ್ನು ಬಂದ ಹಾಗೆ ಹೇಳಿದ.

"ಆಯ್ತು. ಆಕ್ಟಿಂಗ್‌ನೋನೇ ಮುಂದುವರೀಲಿ. ನೀನು ಮೊದ್ಲು ಅದನ್ನ ಮುಗ್ಸು."

"ಆಮೇಲೆ, ಧಣಿ?"

"ಆಮೇಲೆ ಡಾಕ್ಟ್ರು ಏನು ಬರ್ದು ಕೊಡ್ತಾರೆ ನೋಡಣ. ಈಗ್ಲೇ ನಾನು ಏನೂ ಹೇಳಲ್ಲ ರಾಜೇಂದ್ರ. ಹೇಳಿ ಆಮೇಲೆ ತಪ್ಪಕ್ಕಾಗಲ್ಲ."

ಫೋನ್ ಇಟ್ಟ ಮೇಲೆ ಹೇಮಾವತಿ ಅವನ ಮುಖ ನೋಡಿದಳು.

"ಏನಂದ್ರು?"

"ಸೀಟಿನ ವಿಷಯ ಗೊತ್ತಿಲ್ಲ."

"ಅದಲ್ಲ. ಸೋಮವಾರ ಬರೋವಾಗ ಏನೇನು ತರ್ಬೇಕು ಅಂದ್ರು ಆಸ್ಪತ್ರೆಯೋರು?"

ಅವನು ಆಸ್ಪತ್ರೆಯವರು ಕೊಟ್ಟ ಹಾಳೆ ನೋಡಿ ಓದಿದ. ಕಾರ್ಡು, ಆಧಾರ್, ಎರಡು ಲುಂಗಿ, ಒಂದು ಲೋಟ, ಜೊತೆಗೊಬ್ಬರು. ಅವಳು ಬೆರಳು ಮಡಿಸಿ ಲೆಕ್ಕ ಹಿಡಿದುಕೊಂಡಳು. ಬೆಳಿಗ್ಗೆ ಒಂಬತ್ತಕ್ಕೆ ಇಲ್ಲಿರಬೇಕಾದರೆ ಸಾಗರದಿಂದ ಯಾವ ಬಸ್ಸು ಹಿಡಿಯಬೇಕೆಂದು ಕೇಳಿದಳು. ಅವನು ಆ ಬಸ್ಸಿನ ಟೈಮ್ ಹೇಳಿದ, ಅದರ ಡ್ರೈವರ್ ಯಾರೆಂದೂ ಹೇಳಿದ.